ನೆರೆಯೂ ನೆರೆಯವರೂ

ಹಿಮ ಬೀಳುವ ದೇಶಗಳಲ್ಲಿ ವಸಂತಕಾಲವು ಬಂದಾಗ ಹಿಮವು ಕರಗಿ ಹೊಳೆಗಳು ಉಕ್ಕುವವು. ನಮ್ಮ ಕಾರ್ಕಳ ಸೀಮೆಯಲ್ಲಿಯಾದರೋ ವಸಂತವು ಬಿಸಿಲಿನ ಕಾಲವು. ನೆರೆಯು ಕಾರ್ತೆಲು, ಆಟಿ, ಸೋಣ ತಿಂಗಳುಗಳಲ್ಲಿ ಬರುವದು. ಆದರೂ ಅದಕ್ಕೆ ಸಿದ್ಧರಾಗತಕ್ಕ ಕಾಲವು ಆ ಬಿಸಿಲಿನ ಕಾಲವೇ.

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವದು. ಘಟ್ಟದ ಬುಡದಲ್ಲಿರುವ ನಮಗೆ ಘಟ್ಟದ ಮೇಲಣ ನೀರೂ ಇಳಿದು ಬರುವದು. 2020ನೇ ಸೆಪ್ಟೆಂಬರ 20ರಂದು ಸುವರ್ಣಾ ಹೊಳೆಯು ಉಕ್ಕಿ ಉಡುಪಿಯ ಸುತ್ತಲಿನ ಅನೇಕ ಮನೆಗಳಿಗೆ ನೀರು ನುಗ್ಗಿತು. ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಅದು ಮಳೆಗಾಲವು ಮುಗಿಯಿತೆಂದು ನಾವು ನೆಮ್ಮದಿಯಿಂದಿರುವ ಸಮಯವು.

ಮೊದಲನೆಯದಾಗಿ, ನೀರಿಗೆ ದಾರಿ ಬಿಡತಕ್ಕದ್ದು. 100 ಚದರ ಮೀಟರು ಅಗಲದ ಮಾಡಿನ ಮೇಲೆ ಒಂದು ದಿನ 100 ಮಿಲಿಮೀಟರು ಮಳೆ ಬಿದ್ದರೆ 10,000 ಲೀಟರು ನೀರು ಅಂಗಳಕ್ಕೆ ಇಳಿಯುವದು. ಅದು ಎಲ್ಲಿಗೆ ಹೋಗಬೇಕು? ಆದಕಾರಣ ಮೇ ತಿಂಗಳಲ್ಲಿಯೇ ತೋಡನ್ನೂ ಮೋರಿಯನ್ನೂ ಕೆರೆದು, ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ತೆಗೆದಿಡಬೇಕು. ಅಂಗಳವನ್ನು ದೊಡ್ಡದು ಮಾಡುವದಕ್ಕೋಸ್ಕರ ತೋಡಿಗೆ ಮಣ್ಣು ತುಂಬಿಸುವವನು ತನ್ನ ನೀರನ್ನು ನೆರೆಯವನ ಅಡಿಗೆಮನೆಗೆ ಕಳುಹಿಸುವವನಾಗಿದ್ದಾನೆ. ಹೀಗೆ ಒಣಗಿದ ಮನೆಯಲ್ಲಿ ನಾವು ಸಮಾಧಾನದಿಂದ ನಿದ್ರಿಸಬಹುದೋ?

ಎರಡನೆಯದಾಗಿ, ಗೋಡೆಯನ್ನೂ ಧರೆಯನ್ನೂ ನೋಡಿಕೊಳ್ಳತಕ್ಕದ್ದು. ಮುರಕಲ್ಲಿನ ಎತ್ತರವಾದ ಪಂಚಾಂಗವು ಮಣ್ಣಿನ ಗೋಡೆಯನ್ನು ಕಾಯುವದು. ನೆನೆದ ಮಣ್ಣಿನ ಗೋಡೆಯು ನೀರು ಇಳಿದ ಮೇಲೆಯೂ ಬೀಳಬಹುದು. ಅದರ ಬದಿಯಲ್ಲಿ ಮಕ್ಕಳನ್ನು ಮಲಗಿಸಬಾರದು. ಮನೆಯ ಹಿಂದಣ ಧರೆಯಲ್ಲಿ ಬಿರುಕು ಕಂಡರೆ, ಮರಗಳು ವಾಲಿದರೆ, ಕೆಸರು ನೀರು ಒಸರಿದರೆ, ರಾತ್ರಿಯಾದರೂ ಮನೆಯನ್ನು ಬಿಟ್ಟು ಹೊರಡಬೇಕು.

ಮೂರನೆಯದಾಗಿ, ನೀರು ಏರುವ ಮುಂಚೆ ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅಕ್ಕಿಯನ್ನು ಅಟ್ಟಕ್ಕೆ ಏರಿಸಿ, ಕಾಲು ಒಣಗಿರುವಾಗಲೇ ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಆರಿಸತಕ್ಕದ್ದು. ದನಕರುಗಳ ಹಗ್ಗವನ್ನು ಬಿಚ್ಚಬೇಕು. ಮುದುಕರನ್ನೂ ರೋಗಿಗಳನ್ನೂ ಹಗಲಿನಲ್ಲಿಯೇ ಸಾಗಿಸಬೇಕು. ಹರಿಯುವ ನೀರು ಮೊಣಕಾಲಿನಷ್ಟಿಲ್ಲದಿದ್ದರೂ ಮನುಷ್ಯನನ್ನು ಕೆಡವಬಲ್ಲದು; ಪರಿಚಯದ ದಾರಿಯೆಂದು ಇಳಿಯಕೂಡದು. ಸಹಾಯಕ್ಕೆ 1077 ಅಥವಾ 112ನ್ನು ಕರೆಯಬಹುದು.

ನಾಲ್ಕನೆಯದಾಗಿ, ನೀರು ಇಳಿದ ಮೇಲೆ ಅಪಾಯವು ಮುಗಿಯಿತೆಂದು ತಿಳಿಯಬಾರದು. ನೆರೆ ಹೊಕ್ಕ ಬಾವಿಗೆ ಆರೋಗ್ಯ ಕಾರ್ಯಕರ್ತರು ಹೇಳುವ ಅಳತೆಯಂತೆ ಬ್ಲೀಚಿಂಗ್ ಪುಡಿಯನ್ನು ಹಾಕಿ, ಕುಡಿಯುವ ನೀರನ್ನು ಚೆನ್ನಾಗಿ ಕುದಿಸಬೇಕು. ಇಲಿಯ ಮೂತ್ರವು ಬೆರೆತ ಕೆಸರು ಕಾಲಿನ ಗಾಯಕ್ಕೆ ತಗಲಿದರೆ ಇಲಿಜ್ವರವು ಬರಬಹುದು. ಜ್ವರದೊಡನೆ ಮೀನಖಂಡದ ನೋವೂ ಕಣ್ಣಿನ ಕೆಂಪೂ ಕಂಡರೆ ತಡಮಾಡದೆ ವೈದ್ಯರ ಬಳಿಗೆ ಹೋಗತಕ್ಕದ್ದು. ಬೇಗ ಔಷಧ ಕೊಟ್ಟರೆ ಅದು ಗುಣವಾಗುವ ರೋಗವು. ಮೂಲೆಗಳಲ್ಲಿ ಹಾವುಗಳು ಅಡಗಿರಬಹುದಾದದರಿಂದ ಸಾಮಾನುಗಳನ್ನು ಬರಿಗೈಯಿಂದ ಎತ್ತಬಾರದು.

ನಮ್ಮ ಭಾಷೆಯಲ್ಲಿ ಉಕ್ಕಿ ಬರುವ ನೀರಿಗೂ ನೆರೆ ಎನ್ನುತ್ತೇವೆ, ಬದಿಯ ಮನೆಗೂ ನೆರೆ ಎನ್ನುತ್ತೇವೆ. ಮೊದಲನೆಯದು ಬಂದಾಗ ಬಾಗಲು ತಟ್ಟುವವನು ಎರಡನೆಯವನೇ. ಆದಕಾರಣ ಮಳೆ ಹಿಡಿಯುವ ಮೊದಲು ಒಂದು ಸಾಯಂಕಾಲ ಅವನನ್ನು ಕರೆದುಕೊಂಡು, ಹಾರೆ ಹಿಡಿದು, ತೋಡಿನ ಉದ್ದಕ್ಕೂ ಒಟ್ಟಾಗಿ ನಡೆದು ನೋಡೋಣ.