ಕೋಟೆ ಕಟ್ಟುವ ಆಟ



ಬೇಸಿಗೆಯ ಮಧ್ಯಾಹ್ನ ಕರೆಂಟು ಹೋದಾಗ ಮಕ್ಕಳು ತಣ್ಣಗಿನ ಪರಸಿ ಕಲ್ಲಿನ ಮೇಲೆ ಇದ್ದಿಲಿನಿಂದ ಮನೆ ಬರೆದು ಚೌಕಾಬಾರ ಆಡುವುದನ್ನು ನೀವು ಕಂಡಿದ್ದೀರಿ. ಅದೇ ಪರಸಿಯ ಮೇಲೆ ಹರಡಿ ಆಡಬಹುದಾದ ಇನ್ನೊಂದು ಆಟವಿದೆ. ಹೆಸರು ಕಾರ್ಕಸೋನ್. ದಕ್ಷಿಣ ಫ್ರಾನ್ಸಿನಲ್ಲಿ ಎರಡು ಸುತ್ತಿನ ಕೋಟೆಯುಳ್ಳ ಊರಿನ ಹೆಸರಿದು; 1997ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜರ್ಮನಿಯ ಕ್ಲಾಸ್ ಯುರ್ಗನ್ ವ್ರೇಡೆ ರಚಿಸಿದ ಆಟ 2000ದಲ್ಲಿ ಹೊರಬಂತು. ಮರುವರ್ಷವೇ ಜರ್ಮನಿಯ 'ವರ್ಷದ ಆಟ' ಪ್ರಶಸ್ತಿ ಪಡೆಯಿತು.

ಇದರಲ್ಲಿ ಹಾಸುಮಣೆಯೇ ಇಲ್ಲ. ಇರುವುದು 72 ಚೌಕ ಬಿಲ್ಲೆಗಳು. ಒಂದೊಂದರ ಮೇಲೂ ದಾರಿ, ಹೊಲ, ಕೋಟೆಗೋಡೆಯ ತುಂಡು, ಇಲ್ಲವೇ ಮಠ. (ಮಠವೂ ಕಲ್ಲೂ ಹೆಸರಿನಲ್ಲೇ ಇರುವ ಗುರುಮಠಕಲ್ಲಿನವರಿಗೆ ಇದೇನು ಪರಕೀಯವಲ್ಲ!) ಸರದಿ ಬಂದಾಗ ಒಂದು ಬಿಲ್ಲೆ ಎತ್ತಿ, ದಾರಿಗೆ ದಾರಿ, ಗೋಡೆಗೆ ಗೋಡೆ ಕೂಡುವಂತೆ ಇಡಬೇಕು. ಬೇಕಿದ್ದರೆ ಆ ಬಿಲ್ಲೆಯ ಮೇಲೆ ನಿಮ್ಮ ಒಬ್ಬ ಆಳನ್ನು ನಿಲ್ಲಿಸಬಹುದು. ಪೂರ್ತಿಯಾದ ದಾರಿಗೆ ಬಿಲ್ಲೆಗೊಂದು ಅಂಕ, ಕೋಟೆಗೆ ಎರಡು. ಮಠದ ಸುತ್ತಲಿನ ಎಂಟೂ ಮನೆ ತುಂಬಿದರೆ ಒಂಬತ್ತು.

ಆಳುಗಳು ಏಳೇ ಏಳು. ಕೆಲಸ ಮುಗಿಯುವವರೆಗೆ ನಿಂತವನು ಮರಳಿ ಬರುವುದಿಲ್ಲ. ಆಸೆಪಟ್ಟು ಎಲ್ಲ ಕಡೆ ಆಳು ಹಚ್ಚಿದರೆ, ಒಳ್ಳೆಯ ಬಿಲ್ಲೆ ಬಂದ ಹೊತ್ತಿಗೆ ಕೈ ಖಾಲಿ. ದೊಡ್ಡ ಕೋಟೆಗೆ ಕೈಹಾಕಿ ಮುಚ್ಚಲಾಗದೆ ಉಳಿದರೆ ಕೊನೆಗೆ ಸಿಗುವುದು ಅರ್ಧ ಅಂಕ. ಮಗ್ಗಿ ಎಂದರೆ ಓಡುವ ಹುಡುಗನೂ ಇಲ್ಲಿ ತಾನಾಗಿ ಲೆಕ್ಕ ಹಾಕುತ್ತಾನೆ.

ಆದರೆ ಆಟದ ನಿಜವಾದ ಸೆಳೆತ ಬೇರೆಡೆ ಇದೆ. ಚೌಕಾಬಾರದಲ್ಲಿ ಅಣ್ಣನ ಕಾಯಿಯನ್ನು ಹೊಡೆದೇ ತಮ್ಮ ಗೆಲ್ಲಬೇಕು. ಅತ್ತು ಎದ್ದುಹೋಗುವ ಮಕ್ಕಳು ಯಾರ ಮನೆಯಲ್ಲಿಲ್ಲ? ಇಲ್ಲಿ ಇಟ್ಟ ಬಿಲ್ಲೆಯನ್ನು ಯಾರೂ ಕೀಳುವುದಿಲ್ಲ. ಇನ್ನೊಬ್ಬರ ಆಳು ಇರುವ ಕೋಟೆಗೆ ನೇರವಾಗಿ ನುಗ್ಗುವಂತಿಲ್ಲ. ಪಕ್ಕದಲ್ಲಿ ಬೇರೆ ಕಟ್ಟಿ, ಮುಂದೆ ಎರಡನ್ನೂ ಕೂಡಿಸಬಹುದು. ಇಬ್ಬರ ಆಳುಗಳೂ ಸಮವಾಗಿದ್ದರೆ ಇಬ್ಬರಿಗೂ ಪೂರ್ತಿ ಅಂಕ, ಪಾಲು ಮಾಡಬೇಕಿಲ್ಲ! ಒಬ್ಬನದು ಹೆಚ್ಚಾದರೆ ಮಾತ್ರ ಎಲ್ಲವೂ ಅವನಿಗೇ. ಹೀಗಾಗಿ ಅಕ್ಕ ಬಿಲ್ಲೆ ಹಿಡಿದು ತಮ್ಮನ ಕೋಟೆಯ ಕಡೆ ಬಾಗಿದಾಗ, ಅವಳು ಜೊತೆಗೂಡಲು ಬಂದಳೋ ಕಬಳಿಸಲು ಬಂದಳೋ ಎಂದು ಮನೆಮಂದಿಯೆಲ್ಲ ಉಸಿರು ಹಿಡಿದು ನೋಡುತ್ತಾರೆ.

ಕೆಡುಕಿಗೂ ದಾರಿ ಇಲ್ಲದಿಲ್ಲ. ಯಾವ ಬಿಲ್ಲೆಯೂ ಕೂಡದ ಹಾಗೆ ನೆರೆಯವನ ಗೋಡೆಯ ಮುಂದೆ ಅಡ್ಡ ಇಡಬಹುದು. ನಿಯಮದಲ್ಲಿ ಅದು ತಪ್ಪಲ್ಲ. ಚಿಕ್ಕ ಮಕ್ಕಳೊಡನೆ ಕುಳಿತ ತಂದೆ ತಾಯಿ ಅದನ್ನು ಮಾಡಬೇಕೇ? ನಮ್ಮ ಅಭಿಪ್ರಾಯದಲ್ಲಿ ಬೇಡ; ಹತ್ತು ಹನ್ನೆರಡು ವಯಸ್ಸು ದಾಟಿದವರೊಡನೆ ಆಡಿದರೆ ಆಟಕ್ಕೆ ಉಪ್ಪುಖಾರ ಬರುತ್ತದೆ.

ಪೆಟ್ಟಿಗೆಗೆ ಹಣ ಹೆಚ್ಚಾದೀತು ಎನ್ನುವವರು ಹಳೆಯ ಮದುವೆ ಪತ್ರಿಕೆಗಳನ್ನು ಚೌಕವಾಗಿ ಕತ್ತರಿಸಿ ಮಕ್ಕಳಿಂದಲೇ ದಾರಿ, ಗೋಡೆ ಬರೆಸಬಹುದು. ಆಳುಗಳಾಗಿ ಒಬ್ಬರಿಗೆ ತೊಗರಿ, ಒಬ್ಬರಿಗೆ ಕಡಲೆ, ಇನ್ನೊಬ್ಬರಿಗೆ ಹುಣಸೆಬೀಜ. ಹೊಲದಲ್ಲಿ ರೈತನನ್ನು ಮಲಗಿಸುವ ನಿಯಮವೂ ಒಂದಿದೆ, ಸ್ವಲ್ಪ ತೊಡಕಿನದು. ಮೊದಲ ಎರಡು ಮೂರು ಸಲ ಅದನ್ನು ಬಿಟ್ಟೇ ಆಡಿರಿ.