ಜೈವಿಕ ವಿಘಟನೀಯ ಪಾಲಿಮರ್: ತಯಾರಿಕೆಯ ಪರ್ಯಾಯ ವಿಧಾನಗಳು

ಪ್ರಚಲಿತ: ಪುಣೆ ಜಿಲ್ಲೆಯ ಜೇಜುರಿಯಲ್ಲಿ ಪ್ರಾಜ್ ಇಂಡಸ್ಟ್ರೀಸ್‌ನ ಬಯೋಪಾಲಿಮರ್ ಪ್ರಾತ್ಯಕ್ಷಿಕೆ ಘಟಕ (2024). ಉತ್ಪನ್ನ: ಪಿಎಲ್‌ಎ (ಪಾಲಿಲ್ಯಾಕ್ಟಿಕ್ ಆಮ್ಲ).

1. ಪಿಎಲ್‌ಎ ಹಂತಗಳು: ಸಕ್ಕರೆ → ಹುದುಗುವಿಕೆ → ಲ್ಯಾಕ್ಟಿಕ್ ಆಮ್ಲ → ಲ್ಯಾಕ್ಟೈಡ್ → ಪಿಎಲ್‌ಎ. ಈ ಸರಣಿ ಬಾಯಿಪಾಠವಾಗಿರಲಿ.

2. ನೇರ ಸಾಂದ್ರೀಕರಣ: ಲ್ಯಾಕ್ಟೈಡ್ ಹಂತವಿಲ್ಲದೆ ಲ್ಯಾಕ್ಟಿಕ್ ಆಮ್ಲದ ಅಣುಗಳು ನೇರವಾಗಿ ಕೂಡುತ್ತವೆ, ನೀರು ಹೊರಬರುತ್ತದೆ. ಆ ನೀರು ಪೂರ್ತಿ ಹೋಗದಿದ್ದರೆ ಸರಪಳಿ ಗಿಡ್ಡ, ಪ್ಲಾಸ್ಟಿಕ್ ದುರ್ಬಲ.

3. ಉಂಗುರ ತೆರೆಯುವ ಪಾಲಿಮರೀಕರಣ: ಎರಡು ಲ್ಯಾಕ್ಟಿಕ್ ಆಮ್ಲ ಸೇರಿದ ಉಂಗುರವೇ ಲ್ಯಾಕ್ಟೈಡ್. ಅದು ತೆರೆದುಕೊಂಡು ಉದ್ದ ಸರಪಳಿಯಾಗುತ್ತದೆ. ಈ ಹಂತದಲ್ಲಿ ನೀರು ಹುಟ್ಟುವುದಿಲ್ಲ. ವೇಗವರ್ಧಕ: ತವರದ ಸಂಯುಕ್ತ (ಸ್ಟ್ಯಾನಸ್ ಆಕ್ಟೋಯೇಟ್). ಕೈಗಾರಿಕೆಯ ಮುಖ್ಯ ವಿಧಾನ.

4. ಕಿಣ್ವ ವಿಧಾನ: ಲೋಹದ ವೇಗವರ್ಧಕದ ಬದಲು ಲೈಪೇಸ್ ಕಿಣ್ವ. ಲೋಹದ ಶೇಷ ಉಳಿಯದ್ದರಿಂದ ವೈದ್ಯಕೀಯ ಬಳಕೆಗೆ ಆಕರ್ಷಕ.

5. ಸೂಕ್ಷ್ಮಜೀವಿ ವಿಧಾನ: ಬ್ಯಾಕ್ಟೀರಿಯಾ ತನ್ನ ಕೋಶದೊಳಗೇ ಪಿಎಚ್‌ಬಿ (ಪಾಲಿಹೈಡ್ರಾಕ್ಸಿಬ್ಯುಟಿರೇಟ್) ಎಂಬ ಇನ್ನೊಂದು ವಿಘಟನೀಯ ಪಾಲಿಮರ್‌ನ ಕಣಗಳನ್ನು ಕೂಡಿಡುತ್ತದೆ. ಗುರುತಿಸಿದವರು: ಮಾರಿಸ್ ಲೆಮೋನ್, 1926.

ಗೊಂದಲ ಬೇಡ (ಅಂಕ ಹೋಗುವುದು ಇಲ್ಲೇ)
• ಪಿಎಲ್‌ಎಯಲ್ಲಿ ಮಾನೋಮರ್ ಮಾತ್ರ ಜೈವಿಕ, ಪಾಲಿಮರೀಕರಣ ಸಾಮಾನ್ಯವಾಗಿ ರಾಸಾಯನಿಕ. ಪಿಎಚ್‌ಬಿಯಲ್ಲಿ ಎರಡೂ ಜೈವಿಕ.
• ಜೈವಿಕ ಮೂಲ ಎಂದರೆ ವಿಘಟನೀಯ ಎಂದಲ್ಲ. ಕಬ್ಬಿನ ಎಥನಾಲ್‌ನಿಂದ ಮಾಡಿದ ಪಾಲಿಎಥಿಲೀನ್ ಕೊಳೆಯದು. ಪೆಟ್ರೋಲಿಯಂ ಮೂಲದ ಪಿಬಿಎಟಿ ಎಂಬ ಪ್ಲಾಸ್ಟಿಕ್ ಕೊಳೆಯುತ್ತದೆ.
• ಪಿಎಲ್‌ಎ ಹಿತ್ತಲ ತಿಪ್ಪೆಯಲ್ಲಿ ಬೇಗ ಕೊಳೆಯುವುದಿಲ್ಲ. ಸುಮಾರು 58 ಡಿಗ್ರಿ ಸೆಲ್ಸಿಯಸ್‌ನ ಕೈಗಾರಿಕಾ ಕಾಂಪೋಸ್ಟ್ ಬೇಕು.
• ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್‌ನ ಭಾರತೀಯ ಮಾನಕ: ಐಎಸ್ 17088.