ದೋಣಿಗೆ ಮೋಟಾರು ಭದ್ರವಾಗಿ ಕೂರಿಸೋಣ



ತೇನಿ ಜಿಲ್ಲೆಯ ಆಂಡಿಪಟ್ಟಿ ಹತ್ತಿರ ವೈಗೈ ಅಣೆಕಟ್ಟು ಇದೆ. 1959ರಲ್ಲಿ ಇದು ಬಳಕೆಗೆ ಬಂತು. ಇಲ್ಲಿ 71 ಅಡಿವರೆಗೆ ನೀರು ನಿಲ್ಲಿಸುತ್ತಾರೆ. ಕಟ್ಲಾ, ರೋಹು, ಜಿಲೇಬಿ ಮೀನು ಸಿಗುತ್ತವೆ. ಇಲ್ಲಿ ಹರಿಗೋಲಿನಲ್ಲಿ ಹೋಗಿ ಬಲೆ ಬಿಡುತ್ತಾರೆ. ಹರಿಗೋಲಿಗೆ ತಮಿಳಿನಲ್ಲಿ ಪರಿಸಲ್ ಅನ್ನುತ್ತಾರೆ. ಕನ್ನಡ ಮನೆಮಾತಿನ ಜನ ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಇದ್ದಾರೆ. ಈ ಪಾಠ ಅವರಿಗೂ ಬೇಕು, ಕರ್ನಾಟಕದ ಕೆರೆ, ಜಲಾಶಯದಲ್ಲಿ ಮೀನು ಹಿಡಿಯುವವರಿಗೂ ಬೇಕು.

ಮಾವ ಅಳಿಯ ಮಾತಾಡಿಕೊಳ್ಳುವುದನ್ನು ಗಟ್ಟಿಯಾಗಿ ಓದಿ.

ಅಳಿಯ: ಮಾವ, ಹುಟ್ಟು ಹಾಕಿ ಹಾಕಿ ರಟ್ಟೆ ಬಿದ್ದುಹೋಯ್ತು. ನಮ್ಮ ಹರಿಗೋಲಿಗೂ ಒಂದು ಬ್ಯಾಟರಿ ಮೋಟಾರು ಹಾಕಿಬಿಡೋಣವಾ?

ಮಾವ: ಹರಿಗೋಲಿಗೆ ಬೇಡಪ್ಪಾ. ಅದು ಗುಂಡಗಿದೆ. ಒಂದು ಅಂಚಿನಲ್ಲಿ ಮೋಟಾರು ತಳ್ಳಿದರೆ ಬುಗುರಿ ಹಾಗೆ ಸುತ್ತುತ್ತೆ. ಬಿದಿರಿನ ಅಂಚು ಬೋಲ್ಟನ್ನು ಹಿಡಿಯೋದಿಲ್ಲ. ಭಾರ ಒಂದೇ ಕಡೆ ಬಿದ್ದರೆ ಮಗುಚುತ್ತೆ.

ಅಳಿಯ: ಮತ್ತೆ ಯಾವುದಕ್ಕೆ ಹಾಕೋದು?

ಮಾವ: ಹಿಂಬದಿಯಲ್ಲಿ ಚಪ್ಪಟೆ ಅಡ್ಡಹಲಗೆ ಇರೋ ದೋಣಿಗೆ. ಮಲ್ಪೆ, ಗಂಗೊಳ್ಳಿ ಕಡೆ ನಾಡದೋಣಿಗೆ ಎಂಜಿನ್ ಕಟ್ಟುತ್ತಾರಲ್ಲ, ಹಾಗೆ. ಅದಕ್ಕೂ ಮೊದಲು ಮೀನುಗಾರಿಕೆ ಇಲಾಖೆಯಲ್ಲಿ ಕೇಳಬೇಕು, ಈ ನೀರಲ್ಲಿ ಮೋಟಾರು ಓಡಿಸಬಹುದಾ ಅಂತ.

ಮೋಟಾರು ಕೂರಿಸುವ ಕ್ರಮ

1. ಹಲಗೆ ನೋಡಿ. ಅಡ್ಡಹಲಗೆಯನ್ನು ಬೆರಳ ಗಂಟಿನಿಂದ ತಟ್ಟಿ. ದಬ್ಬಳದಿಂದ ಅಲ್ಲಲ್ಲಿ ಚುಚ್ಚಿ. ದಬ್ಬಳ ಮೆತ್ತಗೆ ಒಳಗೆ ಹೋದರೆ ಮರ ಕೊಳೆತಿದೆ. ಮೊದಲು ಹಲಗೆ ಬದಲಾಯಿಸಿ.

2. ನಡುವೆ ಕೂರಿಸಿ. ಹಲಗೆಯ ಸರಿಯಾದ ಮಧ್ಯ ಅಳೆದು ಗುರುತು ಮಾಡಿ. ಮೋಟಾರು ಪಕ್ಕಕ್ಕಿದ್ದರೆ ದೋಣಿ ಓರೆಯಾಗಿ ಎಳೆಯುತ್ತದೆ.

3. ಕ್ಲಾಂಪು ಬಿಗಿ ಮಾಡಿ. ಎರಡೂ ತಿರುಪುಗಳನ್ನು ಕೈಯಿಂದಲೇ, ಒಂದಾದ ಮೇಲೆ ಒಂದು, ಸ್ವಲ್ಪ ಸ್ವಲ್ಪ ತಿರುಗಿಸಿ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಕ್ಲಾಂಪು ಒಡೆಯಬಹುದು. ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಮತ್ತೆ ಬಿಗಿ ನೋಡಿ. ಅದುರಿಗೆ ತಿರುಪು ಸಡಿಲವಾಗುತ್ತದೆ.

4. ಬೋಲ್ಟು ಹಾಕುವುದಾದರೆ ತುಕ್ಕು ಹಿಡಿಯದ ಸ್ಟೀಲಿನದೇ ಹಾಕಿ. ಬೋಲ್ಟು ಹಲಗೆ ದಾಟಿ ಆಚೆ ಬರಬೇಕು. ಅಗಲ ವಾಷರು, ಸಡಿಲವಾಗದ ನಟ್ಟು ಇರಲಿ. ತೂತಿಗೆ ನೀರು ಇಳಿಯದಂತೆ ಅಂಟು ತುಂಬಿ. ನೀರು ಇಳಿದರೆ ಮರ ಒಳಗಿಂದ ಕೊಳೆಯುತ್ತದೆ.

5. ಕಾವಲು ಹಗ್ಗ ಕಟ್ಟಿ. ಮೋಟಾರಿನಿಂದ ದೋಣಿಯ ಗಟ್ಟಿ ಬಳೆಗೆ ಹಗ್ಗ ಬಿಗಿಯಿರಿ. ಕ್ಲಾಂಪಿಗೆ ಕಟ್ಟಿದರೆ ಪ್ರಯೋಜನವಿಲ್ಲ. ಕ್ಲಾಂಪು ಜಾರಿದರೂ ಮೋಟಾರು ತಳ ಸೇರಬಾರದು. ಹಗ್ಗ ಫ್ಯಾನಿಗೆ ಸಿಗುವಷ್ಟು ಉದ್ದ ಬೇಡ.

6. ಫ್ಯಾನು ಪೂರ್ತಿ ನೀರಿನೊಳಗೆ ಇರಲಿ. ಮೇಲಿದ್ದರೆ ಗಾಳಿ ಎಳೆದು ಸುಮ್ಮನೆ ತಿರುಗುತ್ತದೆ. ಬಲೆ ಬಿಡುವಾಗ, ಎಳೆಯುವಾಗ ಮೋಟಾರು ನಿಲ್ಲಿಸಿ ಮೇಲೆತ್ತಿ.

7. ಬ್ಯಾಟರಿಯನ್ನು ದೋಣಿಯ ತಳದಲ್ಲಿ, ನಡುಭಾಗದಲ್ಲಿ ಪೆಟ್ಟಿಗೆಯೊಳಗೆ ಇಟ್ಟು ಪಟ್ಟಿ ಕಟ್ಟಿ. ಪ್ಲಸ್ ವೈರಿಗೆ ಬ್ಯಾಟರಿ ಹತ್ತಿರವೇ ಫ್ಯೂಸ್ ಹಾಕಿ. ಹತ್ತಿರ ಬೀಡಿ ಸೇದಬೇಡಿ. ಬ್ಯಾಟರಿಯಿಂದ ಹೊರಡುವ ಗಾಳಿಗೆ ಬೆಂಕಿ ಹತ್ತುತ್ತದೆ.

ಇಷ್ಟು ಜಾಗ್ರತೆ ಯಾಕೆ?

ತೇಕ್ಕಡಿ ಕಂಬಂಗೆ ದೂರವಲ್ಲ. ಅಲ್ಲಿನ ಪೆರಿಯಾರ್ ಕೆರೆ 1895ರಲ್ಲಿ ಮುಗಿದ ಅಣೆಕಟ್ಟಿನಿಂದ ಆದದ್ದು. ಆ ನೀರೇ ಸುರಂಗದಲ್ಲಿ ಬಂದು ಕಂಬಂ ಕಣಿವೆಯ ಗದ್ದೆಗಳಿಗೆ ಹರಿದು ವೈಗೈ ಸೇರುತ್ತದೆ. 2009ರ ಸೆಪ್ಟೆಂಬರ್ 30ರಂದು ಆ ಕೆರೆಯಲ್ಲಿ ಎರಡು ಅಂತಸ್ತಿನ ಪ್ರವಾಸಿ ದೋಣಿಯೊಂದು ವಾಲಿ ಮಗುಚಿತು. 45 ಜನ ಸತ್ತರು. ಭಾರ ಮೇಲಕ್ಕೆ ಸೇರಿದರೆ, ಒಂದು ಕಡೆಗೆ ಸರಿದರೆ, ದೊಡ್ಡ ದೋಣಿಗೇ ಕಷ್ಟ. ನಮ್ಮ ಸಣ್ಣ ದೋಣಿ ಎಷ್ಟರದು? ಮೋಟಾರು ಹಿಂದೆ ಕೂತರೆ ನಾವೂ ಹಿಂದೆಯೇ ಕೂರಬಾರದು. ಒಬ್ಬರು ಮುಂದೆ ಕೂತರೆ ದೋಣಿ ಸಮ ನಿಲ್ಲುತ್ತದೆ. ಲೈಫ್ ಜಾಕೆಟ್ ಮೈಮೇಲೆ ಇರಲಿ, ಮೂಲೆಯಲ್ಲಿ ಬೇಡ.

ಲೆಕ್ಕ ಮಾಡೋಣ

ಬ್ಯಾಟರಿ ಮೇಲೆ 60 ಆಂಪಿಯರ್ ಅವರ್ ಎಂದು ಬರೆದಿದೆ. ಮೋಟಾರು 20 ಆಂಪಿಯರ್ ಎಳೆಯುತ್ತದೆ. 60 ÷ 20 = 3 ಗಂಟೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಬೇಗ ಹಾಳಾಗುತ್ತದೆ. ಆದ್ದರಿಂದ ಒಂದೂವರೆ ಗಂಟೆ ಎಂದು ಇಟ್ಟುಕೊಳ್ಳಿ. ಹೋಗಲು 45 ನಿಮಿಷ, ಬರಲು 45 ನಿಮಿಷ. ಎದುರು ಗಾಳಿ ಬಂದರೆ ಇನ್ನೂ ಹೆಚ್ಚು ಬೇಕು. ಮೋಟಾರು ಇದ್ದರೂ ಹುಟ್ಟು ಮನೆಯಲ್ಲಿ ಬಿಡಬೇಡಿ.

ಹೊಸ ಪದಗಳು: ಅಡ್ಡಹಲಗೆ, ಕ್ಲಾಂಪು, ತಿರುಪು, ವಾಷರು, ದಬ್ಬಳ. ಇವನ್ನು ಎರಡು ಸಲ ಬರೆಯಿರಿ.

ಉತ್ತರ ಬರೆಯಿರಿ
1. ಹರಿಗೋಲಿಗೆ ಮೋಟಾರು ಯಾಕೆ ಬೇಡ?
2. ಕಾವಲು ಹಗ್ಗವನ್ನು ಎಲ್ಲಿಗೆ ಕಟ್ಟಬೇಕು?
3. ಬ್ಯಾಟರಿ 80, ಮೋಟಾರು 20 ಆಂಪಿಯರ್ ಆದರೆ, ಅರ್ಧ ಬ್ಯಾಟರಿಯಲ್ಲಿ ಎಷ್ಟು ಹೊತ್ತು ಓಡುತ್ತದೆ?